ಕಾಯಿಪಲ್ಯ ಹಬಿಮ್ಯಾಗ ಬೇಯಿಸ್ಲಾಕ ಯಾವ ಸ್ಟೀಮರ್ ತೊಗೋಬೇಕ್ರಿ? ನಮ್ ಕಲಬುರಗಿ ನೀರಿಗಿ ಕರೆಂಟಿಂದು ನಡೀತದೇನು?

ಸೇಡಂರೋಡ್_ಮನಿ, ಕಲಬುರಗಿ

ಎಲ್ಲಾರಿಗೂ ಶರಣು. ನಮ್ಮವ್ವಗ ಶುಗರ್ ಮೊದ್ಲೇ ಇತ್ತು, ಈಗ ಬಿಪಿನೂ ಶುರು ಆಗ್ಯಾದ, ಡಾಕ್ಟರ್ ಎಣ್ಣಿ ಉಪ್ಪು ಎರಡೂ ಕಡಿಮಿ ಮಾಡ್ರಿ ಕಾಯಿಪಲ್ಯ ಜಾಸ್ತಿ ತಿನ್ರಿ ಅಂದಾರ. ಬದ್ನಿಕಾಯಿ ಎಣಗಾಯಿ ಮ್ಯಾಗ ಎಣ್ಣಿ ತೇಲ್ತಿರ್ಬೇಕು ಅನ್ನೋ ಮನಿ ನಮ್ದು. ಎರಡು ವಾರದಿಂದ ಕುಕ್ಕರ್‌ನಾಗ ನೀರು ಹಾಕಿ ಎರಡು ಸೀಟಿ ಹೊಡಸಿ ಕೊಡ್ಲತ್ತೀನಿ, ಗಜ್ಜರಿ ಹಿಟ್ಟಿನಂಗ ಆಗ್ತದ, ಹೂಕೋಸು ಕರಗಿ ನೀರಾಗ್ತದ, ಅವ್ವ ಒಂದು ತುತ್ತು ಬಾಯಿಗಿ ಹಾಕ್ಕೊಂಡು "ಇದು ದವಾಖಾನಿ ಊಟ ಅದಪ್ಪ" ಅಂತ ತಾಟು ಸರಸ್ತಾಳ. ನೋಡ್ಲಿಕ್ಕಾಗಲ್ಲ ನನಗ.

ಅದಕ್ಕ ಸ್ಟೀಮರ್ ತೊಗೋಬೇಕಂತ ಮಾಡೀನಿ. ಆನ್‌ಲೈನ್ ನೋಡಿದ್ರ ಕರೆಂಟಿಂದು ಮೂರು ಅಂತಸ್ತಿನ ಪ್ಲಾಸ್ಟಿಕ್ ಬುಟ್ಟಿಂದು ಅದ, ಗ್ಯಾಸ್ ಮ್ಯಾಗ ಇಡೋ ಸ್ಟೀಲಿಂದು ಅದ, ಬಿದಿರಿನ ಬುಟ್ಟಿನೂ ಅವ. ಮನ್ಯಾಗ ನಾಕು ಮಂದಿ, ನೀರು ಬೋರ್‌ವೆಲ್‌ದು. ಯಾವುದು ತೊಗೊಳ್ಳಿ, ಎಷ್ಟೊತ್ತು ಬೇಯಿಸ್ಬೇಕು, ಮತ್ತ ಮುಖ್ಯ ಅಂದ್ರ ಅವ್ವ ತಿನ್ನೋ ಹಂಗ ರುಚಿ ಹ್ಯಾಂಗ ಬರ್ತದ, ಬಳಸಿದವ್ರು ಹೇಳ್ರಿ.

—

ಗಂಜ್_ಅಡಗಿಮನಿ, ಬೀದರ್

ನಾನು ಕರೆಂಟಿಂದು ಎರಡು ವರ್ಷ ಬಳಸೀನಿ, ಅದಕ್ಕ ಉದ್ದ ಬರೀಲತ್ತೀನಿ. ಮೊದಲು ಭಾಳ ಛಲೋ ಇತ್ತು, ಕೆಳಗ ನೀರು ಹಾಕಿ ಟೈಮರ್ ತಿರುವಿದ್ರ ಎರಡು ನಿಮಿಷಕ್ಕ ಹಬಿ, ತಾನೇ ಬಂದ್ ಆಗ್ತದ, ನಿಂತು ಕಾಯೋದು ಬೇಕಿಲ್ಲ. ಆರು ತಿಂಗಳಾದ ಮ್ಯಾಲ ಹಬಿ ಬರ್ಲಿಕ್ಕೆ ಏಳೆಂಟು ನಿಮಿಷ ಹಿಡೀಲಿಕ್ಕೆ ಶುರು ಆಯ್ತು. ತೆಗದು ನೋಡಿದ್ರ ಒಳಗಿನ ಕಾಯೋ ತಟ್ಟಿ ಮ್ಯಾಗ ಬೆಳ್ಳಗ ಸುಣ್ಣ ಬಡದಂಗ ಪದರ, ಉಗುರಿಲೆ ಕೆರದ್ರೂ ಬರವಲ್ದು. ಸುಣ್ಣನೇ ಅದು ಖರೆ. ನಮ್ ಬೋರಿನ ನೀರೇ ಹಿಂಗ ಅಂದ್ರ ನಿಮ್ ಕಡಿದು ಹೇಳೋದೇ ಬ್ಯಾಡ, ಶಹಾಬಾದ್ ಕಲ್ಲು ಅಂದ್ರ ಸುಣ್ಣಕಲ್ಲೇ, ವಾಡಿ ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಬಂದಿದ್ದೂ ಅದಕ್ಕೇ. ಆ ಕಲ್ಲಿನೊಳಗಿಂದ ಬಂದ ಬೋರಿನ ನೀರು ಕುದ್ದು ಹಬಿಯಾಗಿ ಹೋದ್ರ ಸುಣ್ಣ ತಳದಾಗೇ ಉಳೀತದ.

ನಾ ಮಾಡಿದ ತಪ್ಪು ಅಂದ್ರ ತಂತಿ ಜುಂಗಿಲೆ ತಿಕ್ಕಿಬಿಟ್ಟೆ. ತಟ್ಟಿ ಮ್ಯಾಲಿನ ಪದರ ಎದ್ದು ಹೋಯ್ತು, ತಿಂಗಳೊಳಗ ಕೆಟ್ಟೇ ಹೋಯ್ತು, ರಿಪೇರಿ ಅಂಗಡ್ಯಾಂವ ಇದರ ತಟ್ಟಿ ಬ್ಯಾರೆ ಸಿಗಲ್ಲ ಅಂದ. ಸಿಟ್ರಿಕ್ ಆಸಿಡ್ ಇಲ್ಲಾ ಬಿಳಿ ವಿನೆಗರ್ ನೀರಿನ್ಯಾಗ ಕಲಸಿ ಅರ್ಧ ತಾಸು ಬಿಟ್ಟಿದ್ರ ತಾನೇ ಕರಗಿ ಬರ್ತಿತ್ತು, ಇಂಥಾ ನೀರಿಗಿ ಹದಿನೈದು ದಿನಕ್ಕೊಮ್ಮಿ ಮಾಡ್ಬೇಕಂತ ಆಮ್ಯಾಲ ಗೊತ್ತಾಯ್ತು.

ಇನ್ನೊಂದು ಮಾತು, ಅದು 800 ವ್ಯಾಟಿಂದು. ಅರ್ಧ ತಾಸು ಹಚ್ಚಿದ್ರ 0.4 ಯೂನಿಟ್ ಅಷ್ಟೇ, ಬಿಲ್ಲಿನ ಚಿಂತಿ ಇಲ್ಲ, ಆದ್ರ ಕರೆಂಟ್ ಹೋದಾಗ ಮನಿ ಇನ್ವರ್ಟರ್ ಮ್ಯಾಗ ಅದನ್ನ ಹಚ್ಲಾಕ ಬರಲ್ಲ, ಬ್ಯಾಸಗ್ಯಾಗ ಅರ್ಧ ಬೆಂದ ಬಟಾಟಿ ಹಂಗೇ ಕೂಡ್ತಾವ. ಈಗ ನನ್ ಬಲ್ಲಿ ಸ್ಟೀಲಿಂದು ಎರಡು ಅಂತಸ್ತಿಂದು ಅದ, ಚೌಬಾರಾ ಕಡಿ ಭಾಂಡಿ ಅಂಗಡ್ಯಾಗ ತೊಗೊಂಡೆ. ಸುಣ್ಣ ಹತ್ತಿದ್ರೂ ಹುಣಸಿಹಣ್ಣು ಹಾಕಿ ತಿಕ್ಕಿದ್ರ ಆಯ್ತು. ತೊಗೊಳ್ಳೋವಾಗ ಮುಚ್ಚಳ ಗಟ್ಟಿ ಕೂಡ್ತದೇನು ನೋಡ್ರಿ, ತಳ ದಪ್ಪ ಇರ್ಲಿ, ಕೆಳಗಿನ ಬೋಗೋಣಿ ಒಂದೂವರೆ ಲೀಟರ್ ಆದ್ರೂ ಹಿಡೀಲಿ. ಇಂಡಕ್ಷನ್ ಇದ್ರ ಅಂಗಡಿಗಿ ಒಂದು ಅಯಸ್ಕಾಂತ ಒಯ್ರಿ, ತಳಕ್ಕ ಅಂಟಿದ್ರ ನಡೀತದ. ಬಿದಿರಿಂದು ಛಂದ ಅದ, ಮುಚ್ಚಳದ ನೀರು ಅದೇ ಹೀರ್ಕೊಳ್ತದ, ಖರೆ ಮಳಿಗಾಲದಾಗ ಒಣಗದಿದ್ರ ಬೂಸಲು ಹಿಡೀತದ, ದಿನಾ ಬಳಸೋರಿಗಿ ನಾ ಹೇಳಲ್ಲ.

—

ಕಡಬಿನಬುಟ್ಟಿ, ಕಲಬುರಗಿ

ತಮ್ಮಾ, ಇವತ್ತೇ ರೊಕ್ಕ ಹಾಕ್ಬ್ಯಾಡ. ಮನ್ಯಾಗ ಇಡ್ಲಿ ಪಾತ್ರಿ ಇದ್ದೇ ಇರ್ತದಲ್ಲ, ಅದೇ ಸ್ಟೀಮರ್. ಅದೂ ಇಲ್ಲಂದ್ರ ಬೋಗೋಣ್ಯಾಗ ಎರಡು ಬಟ್ಟಿನಷ್ಟು ನೀರು, ಮ್ಯಾಲ ತೂತಿನ ಜಾಳಗಿ, ಮ್ಯಾಲ ತಾಟು ಮುಚ್ಚು. ನಮ್ಮತ್ತಿ ಜ್ವಾಳದ ಕಡಬು ಮಾಡೋವಾಗ ತಾಟಿಗಿ ಅರಬಿ ಸುತ್ತಿ ಮುಚ್ತಿದ್ರು, ಹಬಿ ನೀರಾಗಿ ಕಡಬಿನ ಮ್ಯಾಗ ಬೀಳಬಾರ್ದು ಅಂತ. ಹೂಕೋಸಿಗೂ ಹಂಗೇ ಮಾಡು, ನೀರು ನೀರು ಆಗಲ್ಲ.

ಕುಕ್ಕರ್‌ನಾಗ ಗಜ್ಜರಿ ಯಾಕ ಹಿಟ್ಟಾಗ್ತದ ಅಂದ್ರ, ಸೀಟಿ ಹಾಕಿದ್ರ ಒಳಗ 120 ಡಿಗ್ರಿ ತನಕ ಕಾವು ಏರ್ತದ, ಸುಮ್ನ ಹಬಿ ಅಂದ್ರ 100. ಸೀಟಿ ತೆಗದು ಒಳಗ ಸ್ಟ್ಯಾಂಡ್ ಇಟ್ಟು ಅದರ ಮ್ಯಾಗ ಕಾಯಿಪಲ್ಯ ಇಡು, ನೀರು ತಾಗಬಾರ್ದು. ಮತ್ತ ನೀರಿನ್ಯಾಗ ಒಂದು ರೂಪಾಯಿ ನಾಣ್ಯ ತೊಳದು ಹಾಕ್ಬಿಡು. ನೀರು ಕುದೀತಿರೋ ತನಕ ಟಕ ಟಕ ಅಂತದ, ಸಪ್ಪಳ ನಿಂತ್ರ ನೀರು ತೀರ್ಯಾದ ಅಂತ ತಿಳ್ಕೋ, ನೀರು ಸೇರಸೋದಿದ್ರ ಕುದಿಯೋ ನೀರೇ ಸೇರಸು. ಮುಚ್ಚಳ ತೆಗಿಯೋವಾಗ ಆ ಕಡಿ ವಾಲಿಸಿ ತೆಗಿ, ಮುಖ ಮ್ಯಾಗ ಒಯ್ಬ್ಯಾಡ. ಹಬಿ ಕುದಿಯೋ ನೀರಿಗಿಂತ ಭಾಳ ಸುಡ್ತದ, ನನ್ ಮುಂಗೈ ಮ್ಯಾಗ ಇನ್ನೂ ಕಲಿ ಅದ.

—

ಸೇಡಂರೋಡ್_ಮನಿ

ನಿನ್ನಿ ರಾತ್ರಿ ಇಡ್ಲಿ ಪಾತ್ರ್ಯಾಗ ಮಾಡಿದ್ನಿ, ನಾಣ್ಯನೂ ಹಾಕಿದ್ನಿ, ಸಪ್ಪಳ ಕೇಳಿ ನಮ್ಮ ಮಗಳು ಓಡಿ ಬಂದ್ಳು. ಗಜ್ಜರಿ ಛಲೋ ಬಂತು, ಚವಳಿಕಾಯಿ ಮಾತ್ರ ನಾರು ನಾರು, ಅದೇ ಹೊತ್ತಿಗಿ ಪಾಲಕ್ ಮುದ್ದಿ ಆಗಿ ಕಪ್ಪಾಯ್ತು. ಎಲ್ಲಾ ಒಮ್ಮಿಗೇ ಹಾಕಿದ್ನಿ, ಅದೇ ತಪ್ಪೇನು?

—

ಗಂಜ್_ಅಡಗಿಮನಿ, ಬೀದರ್

ಹೌದು ಅದೇ. ಮೊದ್ಲು ನೀರು ಕುದ್ದು ಹಬಿ ಜೋರು ಬರ್ಲಿ, ಆಮ್ಯಾಲ ಇಡ್ರಿ, ಟೈಮ್ ಅಲ್ಲಿಂದ ಎಣಸ್ರಿ. ಬಟ್ಟಿನಷ್ಟು ದಪ್ಪ ಹೆಚ್ಚಿದ ಗಜ್ಜರಿಗಿ 8ರಿಂದ 10 ನಿಮಿಷ, ಹೂಕೋಸಿಗಿ 6ರಿಂದ 8, ಬೀನ್ಸಿಗೂ ಅಷ್ಟೇ, ಚವಳಿಕಾಯಿ ಎಳೀದು ಇದ್ರ 10-12, ಬಲಿತಿದ್ರ ಹಬಿಗಿ ತರ್ಲೇಬ್ಯಾಡ್ರಿ. ಬಟಾಟಿ ಹೋಳಿಗಿ 12ರಿಂದ 15. ಪಾಲಕ್ ಮೆಂತೆ ಎರಡು ಮೂರು ನಿಮಿಷ ಸಾಕು. ಅಂದ್ರ ಗಟ್ಟಿದು ಕೆಳಗ ಮೊದ್ಲು, ತಪ್ಪಲ ಪಲ್ಯ ಕಡೀಕ ಮ್ಯಾಲಿನ ಅಂತಸ್ತಿನ್ಯಾಗ. ಬೀಟ್‌ರೂಟ್ ಎಲ್ಲಾದಕ್ಕಿಂತ ಕೆಳಗ ಇಡ್ರಿ, ಇಲ್ಲಾಂದ್ರ ಅದರ ಬಣ್ಣ ಸೋರಿ ಎಲ್ಲಾ ಕೆಂಪು.

ಬೀನ್ಸ್ ನೋಡ್ರಿ, ಆರನೇ ನಿಮಿಷಕ್ಕ ಬಣ್ಣ ಎಳೀ ಗಿಳಿಯಂಗ ಏರ್ತದ, ಅವಾಗ್ಲೇ ತೆಗೀಬೇಕು. ಬಿಟ್ರ ಕಾಯಿಯೊಳಗಿನ ಹುಳಿನೇ ಆ ಹಸಿರು ಕೆಡಸ್ತದ, ಮಣ್ಣಿನ ಬಣ್ಣ ಬರ್ತದ. ತೆಗದ ಮ್ಯಾಲ ಮುಚ್ಚಿ ಇಡ್ಬ್ಯಾಡ್ರಿ, ತಾಟಿನ್ಯಾಗ ಹರವಿಬಿಡ್ರಿ.

ರುಚಿ ಅಂದ್ರ ನನ್ ಮಟ್ಟಿಗಿ ಹಿಂಡಿ, ಅಂದ್ರ ಒಣ ಚಟ್ನಿ ಪುಡಿನೇ ರುಚಿ. ಬಿಸಿ ಇದ್ದಾಗ್ಲೇ ಶೇಂಗಾ ಹಿಂಡಿ ಇಲ್ಲಾ ಗುರೆಳ್ಳು ಹಿಂಡಿ ಉದುರಿಸಿ ಎರಡು ಹನಿ ನಿಂಬಿಹಣ್ಣು ಹಿಂಡಿ ಕೈಯಾಡಸ್ರಿ, ಹಬಿಯ ತ್ಯಾವಕ್ಕ ಹಿಂಡಿ ಹೋಳಿಗಿ ಮೆತ್ಕೊಳ್ತದ, ರೊಟ್ಟಿ ಜೋಡಿ ಅವ್ವ ತಾನೇ ಕೇಳ್ತಾಳ. ಗಜ್ಜರಿ, ಕುಂಬಳಕಾಯಿಯೊಳಗಿನ ಎ ವಿಟಮಿನ್ ಮೈಗಿ ಹತ್ಬೇಕಂದ್ರ ಸ್ವಲ್ಪ ಎಣ್ಣಿ ಅಂಶ ಬೇಕೇ ಬೇಕು, ಶೇಂಗಾದಾಗ ಅದು ಅದ. ಆದ್ರ ಅಂಗಡಿ ಹಿಂಡ್ಯಾಗ ಉಪ್ಪು ಭಾಳ ಇರ್ತದ, ಬಿಪಿ ಇದ್ದವ್ರಿಗಿ ಮನ್ಯಾಗೇ ಉಪ್ಪು ಕಡಿಮಿ ಹಾಕಿ ಕುಟ್ಟ್ರಿ, ಬಳ್ಳೊಳ್ಳಿ ಒಂದೆರಡು ಎಸಳು ಜಾಸ್ತಿ ಇರ್ಲಿ.

—

ಭೀಮಾತೀರ, ಯಾದಗಿರಿ

ಒಂದು ಮಾತು ಇಲ್ಲಿ ಯಾರೂ ಹೇಳಿಲ್ಲ, ದಯಮಾಡಿ ಓದ್ರಿ. ಅವ್ವಾರಿಗಿ ಶುಗರ್ ಬಿಪಿ ಎರಡೂ ಅವ ಅಂದ್ರಿ, ಕಿಡ್ನಿ ಟೆಸ್ಟ್ ಮಾಡ್ಸೀರೇನು? ನಮ್ಮಪ್ಪಂದೂ ಹಿಂಗೇ ಶುಗರ್‌ದಿಂದ ಶುರು ಆಗಿ ಕಿಡ್ನಿಗಿ ಬಂತು, ರಕ್ತದಾಗ ಪೊಟ್ಯಾಷಿಯಂ ಏರಿತ್ತು. ಹಬಿಮ್ಯಾಗ ಬೇಯಿಸಿದ್ರ ಸತ್ವ ನೀರಿಗಿ ಹೋಗಲ್ಲ, ಸಿ ವಿಟಮಿನ್ ಉಳೀತದ, ಅದು ಎಲ್ಲಾರಿಗೂ ಛಲೋ, ಆದ್ರ ಪೊಟ್ಯಾಷಿಯಂನೂ ಅಲ್ಲೇ ಉಳೀತದ. ಅಂಥವ್ರಿಗಿ ಬಟಾಟಿ, ಕಾಯಿಪಲ್ಯ ಸಣ್ಣಗ ಹೆಚ್ಚಿ ಭಾಳ ನೀರಿನ್ಯಾಗ ಕುದಸಿ ಆ ನೀರು ಚೆಲ್ರಿ ಅಂತ ಹೇಳ್ತಾರ, ನಾವು ಗೊತ್ತಿಲ್ದೆ ನಾಕು ತಿಂಗಳು ಉಲ್ಟಾ ಮಾಡ್ಲತ್ತಿದ್ವಿ. ಕಿಡ್ನಿ ಸರಿ ಇದ್ರ ಏನೂ ಅಂಜಿಕಿ ಇಲ್ಲ. ಒಮ್ಮಿ ಡಾಕ್ಟರ್‌ಗಿ ಕೇಳೇ ದಿನಾ ಶುರು ಮಾಡ್ರಿ.

—

ಸೇಡಂರೋಡ್_ಮನಿ

ಭೀಮಾತೀರ ಅವ್ರೆ, ಭಾಳ ಉಪಕಾರ ಆಯ್ತು. ಸೋಮವಾರ ರಕ್ತ ಕೊಟ್ಟು ಬಂದೀವಿ, ರಿಪೋರ್ಟ್ ನಾರ್ಮಲ್ ಅದ ಅಂತ ಡಾಕ್ಟರ್ ಅಂದಾರ.

ಸೂಪರ್ ಮಾರ್ಕೆಟ್‌ದಾಗ ಸ್ಟೀಲಿಂದು ಎರಡು ಅಂತಸ್ತಿಂದು ತೊಗೊಂಡೀನಿ, ಮುಚ್ಚಳ ಕೂಡಿಸಿ ತೆಗದು ಅಂಗಡ್ಯಾಗೇ ನೋಡ್ಕೊಂಡು ಬಂದೆ. ನಿನ್ನಿ ಹೀರಿಕಾಯಿ 5 ನಿಮಿಷ, ಹೂಕೋಸು 7 ನಿಮಿಷ, ಅರಬಿ ಸುತ್ತಿದ ಮುಚ್ಚಳ. ಗುರೆಳ್ಳು ಹಿಂಡಿ ಅವ್ವನೇ ಕುಟ್ಟಿದ್ಳು, ಹೂಕೋಸಿಂದು ಒಂದು ಹೋಳು ಹಲ್ಲಿಲೆ ಕಡದು ನೋಡಿ "ಕಚ್ಚಿದ್ರ ಕಾಯಿ ಅಂತ ಗೊತ್ತಾಗ್ತದ ಈಗ" ಅಂದ್ಳು, ಒಂದೂವರೆ ರೊಟ್ಟಿ ತಿಂದ್ಳು. ನಾಳಿ ಪುಂಡಿ ಪಲ್ಯನೂ ಹಬಿಮ್ಯಾಗ ಇಡ್ಲೇನು ಅಂತ ಕೇಳ್ಲತ್ತಾಳ.

—

ಕಡಬಿನಬುಟ್ಟಿ, ಕಲಬುರಗಿ

ಪುಂಡಿ ಬ್ಯಾಡ. ಅದು ಬ್ಯಾಳಿ, ಜ್ವಾಳದ ನುಚ್ಚು, ಹಸಿಮೆಣಸಿನಕಾಯಿ ಜೋಡಿ ಬೋಗೋಣ್ಯಾಗ ಕುದ್ದೇ ಹದ ಆಗ್ಬೇಕು. ಎಣ್ಣಿ ಒಗ್ಗರಣಿ ಒಂದು ಚಮಚಕ್ಕ ಇಳಸು, ಅಷ್ಟು ಸಾಕು ಅಂತ ಅವ್ವಗ ಹೇಳು.