ಅಪ್‌ಡೇಟ್: ಐಫೋನ್ ಚಾರ್ಜ್ ಆಗ್ತಿದೆ, ಆಪಲ್ ಮೇಲಿನ ಸಿಟ್ಟು ಹಾಗೇ ಇದೆ

ಕೇಬಲ್ ಹಾಕಿದರೆ ನನ್ನ ಐಫೋನ್ 11 ಒಮ್ಮೆ ಚಾರ್ಜ್ ಆಗುತ್ತೆ, ಒಮ್ಮೆ ಆಗಲ್ಲ, ರಿಪೇರಿ ಮಾಡಿಸಲೋ ಆಂಡ್ರಾಯ್ಡ್‌ಗೆ ಹೋಗಲೋ ಅಂತ ಕೇಳಿದ್ದೆನಲ್ಲ? ಸರಿಹೋಯ್ತು. ಖರ್ಚು ಸೊನ್ನೆ.

ಕೆಲಸಕ್ಕೆ ಬಂದಿದ್ದು "ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ" ಅಂದವರ ಮಾತು. ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದೆ. ಜೀನ್ಸ್ ಜೇಬಿನ ನೀಲಿ ನೂಲು, ಧೂಳು ಎಲ್ಲ ಒತ್ತಿ ಒತ್ತಿ ಪುಟ್ಟ ಚಾಪೆಯ ಹಾಗೆ ಆಗಿತ್ತು! ಈಗ ಕೇಬಲ್ ಟಕ್ ಅಂತ ಕೂರುತ್ತೆ. ಹೊಸ ಕೇಬಲ್, ರೀಸ್ಟಾರ್ಟ್, ಸಾಫ್ಟ್‌ವೇರ್ ಅಪ್‌ಡೇಟ್ ಯಾವುದರಿಂದಲೂ ಏನೂ ಆಗಲಿಲ್ಲ. ಪೋರ್ಟೇ ಬದಲಿಸಬೇಕು ಅಂದ ಅಂಗಡಿಯವರಿಗೆ ದೂರದಿಂದಲೇ ದೊಡ್ಡ ನಮಸ್ಕಾರ.

ಒಂದು ಹೊಸ ವಿಷಯ ತಿಳೀತು. ನನ್ನ ಫೋನ್‌ನಲ್ಲಿರೋದು ಲೈಟ್ನಿಂಗ್, ಅಂದ್ರೆ ಆಪಲ್‌ನದೇ ಚಾರ್ಜಿಂಗ್ ಕನೆಕ್ಟರ್. ಅದರಲ್ಲಿ ಕೇಬಲ್ ತುದಿ ಗಟ್ಟಿ, ಪೋರ್ಟ್ ನಡುವೆ ಖಾಲಿ, ಹಾಗಾಗಿ ಕ್ಲೀನ್ ಮಾಡೋದು ಸಲೀಸು. ಈಗಿನ ಆಂಡ್ರಾಯ್ಡ್ ಫೋನ್‌ಗಳಲ್ಲಿರೋ ಯುಎಸ್‌ಬಿ-ಸಿ ಪೋರ್ಟ್ ನಡುವೆ ತೆಳ್ಳನೆಯ ನಾಲಿಗೆ ಇರುತ್ತೆ, ಅಲ್ಲಿ ಕಡ್ಡಿ ಜೋರಾಗಿ ಆಡಿಸಬೇಡಿ.

ಆಪಲ್ ಜೊತೆ ನನ್ನ ಗೋಳೇ ಇದು. 2012ರಲ್ಲಿ ಐಫೋನ್ 5ರ ಜೊತೆ ಲೈಟ್ನಿಂಗ್ ಬಂದಾಗ ಎತ್ತ ತಿರುಗಿಸಿದರೂ ಕೂರುತ್ತಿತ್ತು; ಉಳಿದವರು ಮೈಕ್ರೋ ಯುಎಸ್‌ಬಿ ಹಿಡಿದು ತಿಣುಕುತ್ತಿದ್ದರು. ಆಮೇಲೆ ಬೇರೆಯವರೆಲ್ಲ ಸಿ-ಗೆ ಹೋದರೂ ಇವರ ಐಫೋನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. 2022ರಲ್ಲಿ ಐರೋಪ್ಯ ಒಕ್ಕೂಟ ಫೋನ್‌ಗಳಿಗೆ ಯುಎಸ್‌ಬಿ-ಸಿ ಕಡ್ಡಾಯ ಅಂತ ಕಾನೂನು ಮಾಡಿತು, 2023ರ ಐಫೋನ್ 15ಕ್ಕೆ ಸಿ ಬಂತು. ಹಾಗಂತ ನನ್ನ ಈ 2019ರ ಫೋನ್‌ಗೆ ಇಷ್ಟು ವರ್ಷ ಅಪ್‌ಡೇಟ್ ಕೊಟ್ಟಿದ್ದೂ ಇದೇ ಪುಣ್ಯಾತ್ಮರು, ಬೈಯೋದಾದರೂ ಹೇಗೆ?

ಆಂಡ್ರಾಯ್ಡ್ ಯೋಚನೆ ಸದ್ಯಕ್ಕಿಲ್ಲ. ಬ್ಯಾಟರಿ ಕೈಕೊಟ್ಟಾಗ ನೋಡೋಣ.