ವೆಲ್ಸ್ ತಾನೇ ಪಾತ್ರವಾದರೆ ಕಥೆ ಕೆಡುತ್ತಾ?

ಪ್ರಶ್ನೆ: ಇಂಗ್ಲಿಷ್ ಲೇಖಕ ವೆಲ್ಸ್ ಅವರ ವಿಜ್ಞಾನ ಕಥೆಗಳನ್ನು ಆಧರಿಸಿದ 2001ರ ಟಿವಿ ಧಾರಾವಾಹಿ ‘ದಿ ಇನ್ಫಿನಿಟ್ ವರ್ಲ್ಡ್ಸ್ ಆಫ್ ಎಚ್. ಜಿ. ವೆಲ್ಸ್’ ನೋಡ್ತಿದ್ದೀನಿ. ಇದರಲ್ಲಿ ನಟ ಟಾಮ್ ವಾರ್ಡ್ ಸಾಕ್ಷಾತ್ ವೆಲ್ಸ್ ಆಗಿ ಪ್ರತಿ ವಿಚಿತ್ರಕ್ಕೂ ಹಾಜರು. ಮೂಲ ಕಥೆಗಳಲ್ಲೂ ಹೀಗೇನಾ? ಮೊದಲು ಯಾವುದು ಓದಲಿ?

ಉತ್ತರ: ಇಲ್ಲ, ಅದು ಧಾರಾವಾಹಿಯವರು ಹೊಸೆದದ್ದು. 1901ರ ‘ದಿ ನ್ಯೂ ಆಕ್ಸಿಲರೇಟರ್’ನಿಂದಲೇ ಶುರು ಮಾಡಿ. ಔಷಧ ಕುಡಿದ ಇಬ್ಬರು ಎಷ್ಟು ವೇಗವಾಗ್ತಾರೆಂದರೆ, ಜೇನುಹುಳ ಗಾಳಿಯಲ್ಲಿ ಬಸವನಹುಳುವಿನ ಹಾಗೆ ತೆವಳುತ್ತೆ. ಓಡಲು ಹೋದರೆ ಗಾಳಿಯ ಘರ್ಷಣೆಗೇ ಪ್ಯಾಂಟು ಸೀದುಹೋಗುತ್ತೆ! ನನಗೆ ಇಷ್ಟವಾಗೋದು ಆ ಪ್ಯಾಂಟೇ. ಊಹೆ ಎಷ್ಟೇ ಹಾರಲಿ, ಅದರ ಲೆಕ್ಕ ಮೈಮೇಲೆ ಬರಬೇಕು. ವೆಲ್ಸ್ ಅದನ್ನು ಬಿಡೋದೇ ಇಲ್ಲ.

ಇನ್ನೊಂದು ಉತ್ತರ: ನನ್ನ ವೋಟು ವೆಲ್ಸ್‌ರದ್ದೇ ಇನ್ನೊಂದು ಕಥೆ ‘ದಿ ಟ್ರೂತ್ ಅಬೌಟ್ ಪೈಕ್ರಾಫ್ಟ್’ಗೆ. ತೂಕ ಇಳಿಸೋ ಮದ್ದು ಕುಡಿದವನ ಬೊಜ್ಜು ಹಾಗೇ ಇರುತ್ತೆ, ತೂಕ ಮಾತ್ರ ಮಾಯ. ಆಸಾಮಿ ಚಾವಣಿಗೆ ಅಂಟಿಕೊಳ್ತಾನೆ. ಆ ಮದ್ದು ನಿರೂಪಕನ ಹಿಂದೂ ಮುತ್ತಜ್ಜಿಯದ್ದು ಬೇರೆ!

ಪ್ರಶ್ನೆ ಕೇಳಿದವರು: ಕೆಳಗಿಳಿಸಿದ್ದು ಹೇಗೆ?

ಉತ್ತರ: ಸೀಸದ ಒಳಉಡುಪು ತೊಡಿಸಿ. ಓದಿ ಮಾರಾಯ್ರೇ, ಉಳಿದದ್ದು ಹೇಳಲ್ಲ.