ಪ್ರವಾಸಕ್ಕೆ ಸೊಳ್ಳೆಪರದೆ ಒಂದಿದ್ದರೆ ಸಾಕಾ ಡಾಕ್ಟ್ರೇ?

ಪ್ರಶ್ನೆ: ಡೆಂಗಿ, ಝಿಕಾ ಎರಡೂ ಇರುವ ದೇಶಕ್ಕೆ ಎರಡು ವಾರ ಹೋಗ್ತಿದ್ದೇವೆ. ಜೊತೆಗೆ ಐದು ವರ್ಷದ ಮಗು ಇದೆ. ಪರದೆ ಮತ್ತು ಕಾಯಿಲ್ ಇಟ್ಕೊಂಡಿದ್ದೇವೆ. ಸಾಕಾ?

ಉತ್ತರ: ಸಾಲದು. ಡೆಂಗಿ, ಚಿಕುನ್‌ಗುನ್ಯ, ಝಿಕಾ ಮೂರನ್ನೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ನೀವು ಪರದೆಯೊಳಗೆ ಇರುವುದು ರಾತ್ರಿ. ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ ಕಟ್ಟಿ.

ಮುಖ್ಯವಾದದ್ದು ಮೈಗೆ ಹಚ್ಚುವ ಸೊಳ್ಳೆ ನಿವಾರಕ. ಡಬ್ಬಿಯ ಮೇಲೆ ಡೀಟ್ 20–30% ಅಥವಾ ಪಿಕಾರಿಡಿನ್ 20% ಅಂತ ಇರಲಿ. ಶೇಕಡಾ ಹೆಚ್ಚಿದಷ್ಟೂ ರಕ್ಷಣೆಯ ಅವಧಿ ಹೆಚ್ಚುತ್ತದೆ, ಆದರೆ ಡೀಟ್ 50% ದಾಟಿದ ಮೇಲೆ ಹೆಚ್ಚಿನ ಲಾಭವಿಲ್ಲ. ಸನ್‌ಸ್ಕ್ರೀನ್ ಮೊದಲು, ಅದು ಒಣಗಿದ ಮೇಲೆ ಇದು. ಎಲ್ಲೋ ಎರಡು ಕಡೆ ತೊಟ್ಟು ಒರೆಸಿದರೆ ಪ್ರಯೋಜನವಿಲ್ಲ, ಬಿಟ್ಟ ಜಾಗಕ್ಕೇ ಸೊಳ್ಳೆ ಕೂರುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ಕಾಲಿನ ಹರಡು, ಕತ್ತಿನ ಹಿಂಭಾಗ. ಬಟ್ಟೆ ಮುಚ್ಚಿರುವ ಕಡೆ ಬೇಡ. ಬೆವತರೆ, ಈಜಿದರೆ ಮತ್ತೆ ಹಚ್ಚಿ. ಮಗುವಿಗೆ ನಿಮ್ಮ ಅಂಗೈಗೆ ಹಾಕಿಕೊಂಡು ಸವರಿ. ಅದರ ಕೈ, ಕಣ್ಣು, ಬಾಯಿಯ ಹತ್ತಿರ ಬೇಡ. ಡೀಟ್ ತಗುಲಿದರೆ ಕನ್ನಡಕದ ಪ್ಲಾಸ್ಟಿಕ್ ಹಾಳಾಗುತ್ತದೆ, ಪಿಕಾರಿಡಿನ್‌ಗೆ ಆ ತಕರಾರಿಲ್ಲ. ಮಣಿಕಟ್ಟಿನ ಪಟ್ಟಿಗಳನ್ನು ನಂಬಬೇಡಿ.

ತುಂಬುತೋಳಿನ ಬಟ್ಟೆಗೆ 0.5% ಪರ್ಮೆತ್ರಿನ್ ಎಂಬ ಕೀಟನಾಶಕ ಸಿಂಪಡಿಸಿ, ಪೂರ್ತಿ ಒಣಗಿಸಿ ತೊಡಿ. ಅದು ಚರ್ಮಕ್ಕೆ ಹಚ್ಚುವಂಥದ್ದಲ್ಲ.

ಪ್ರಶ್ನೆ: ದಾರಿಯಲ್ಲಿ ಹಳದಿ ಜ್ವರ ಇರುವ ದೇಶದಲ್ಲಿ ವಿಮಾನ ಬದಲಿಸಬೇಕು. ಲಸಿಕೆ ಬೇಕಾ?

ಉತ್ತರ: ಅಲ್ಲಿನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದಿದ್ದರೂ ಪ್ರಮಾಣಪತ್ರ ಕೇಳುವ ದೇಶಗಳಿವೆ, ಮೊದಲೇ ವಿಚಾರಿಸಿ. ಒಂದೇ ಡೋಸ್. ಆದರೆ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಚುಚ್ಚಿಸಿಕೊಂಡ 10 ದಿನಗಳ ನಂತರ. ಹೊರಡುವ ವಾರ ಓಡಿದರೆ ತಡವಾಯಿತು. 2016ರ ಜುಲೈ 11ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ. ಇದು ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥದ್ದು. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು, ಮೊಟ್ಟೆಯ ಅಲರ್ಜಿ ಇರುವವರು, 60 ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರು ಮೊದಲು ವೈದ್ಯರ ಹತ್ತಿರ ಮಾತಾಡಬೇಕು.

ಪ್ರಶ್ನೆ: ವಾಪಸ್ ಬಂದ ಮೇಲೆ ಜ್ವರ ಬಂದರೆ?

ಉತ್ತರ: ಪ್ಯಾರಸಿಟಮಾಲ್ ಮಾತ್ರ. ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎಲ್ಲಿಗೆ ಹೋಗಿದ್ದಿರಿ ಅಂತ ವೈದ್ಯರಿಗೆ ನೀವೇ ಹೇಳಿ. ಮೊದಲ ಐದು ದಿನಗಳಲ್ಲಿ ಡೆಂಗಿ ಪತ್ತೆಹಚ್ಚುವ ಎನ್‌ಎಸ್1 ರಕ್ತಪರೀಕ್ಷೆ ಉಪಯುಕ್ತ. ಮಲೇರಿಯಾ ಇರುವ ಕಡೆಯಿಂದ ಬಂದಿದ್ದರೆ ಅದನ್ನೂ ಅದೇ ದಿನ ನೋಡಿಸಿ. ಡೆಂಗಿ ಕೈಕೊಡುವುದು ಜ್ವರ ಇಳಿದಾಗ, ಮನೆಯವರೆಲ್ಲ ನಿಟ್ಟುಸಿರು ಬಿಡುವ ಹೊತ್ತಿಗೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ತಕ್ಷಣ ಆಸ್ಪತ್ರೆ.

ಇನ್ನೊಂದು ಮಾತು, ಕೇಳಲು ಸಂಕೋಚಪಡುತ್ತಾರೆ ಅಂತ ಹೇಳುತ್ತಿದ್ದೇನೆ: ಝಿಕಾ ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ, ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಗಂಡಸರು ಹೋಗಿಬಂದಿದ್ದರೆ 3 ತಿಂಗಳು, ಹೆಂಗಸರು ಮಾತ್ರ ಹೋಗಿಬಂದಿದ್ದರೆ 2 ತಿಂಗಳು ಗರ್ಭಧಾರಣೆ ಮುಂದೂಡಿ, ಕಾಂಡೋಮ್ ಬಳಸಿ.